ಹಿತ್ತಿಲ ವಿಚಾರ: ಸುವರ್ಣಗೆಡ್ಡೆಯ ಬೀಜವೂ ಗಾಜಿನ ಸೀಸೆಯೂ

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದು ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದಿರುವುದು. ಬರೆದವರು ಕರಾವಳಿಯ ಕಡೆಯ ಒಬ್ಬ ಗೃಹಿಣಿ. ಅವರ ಮನೆಯ ಹಿಂದೆ, ತೆಂಗಿನ ಮರಗಳ ನಡುವೆ, ಸುವರ್ಣಗೆಡ್ಡೆಯ ಇಪ್ಪತ್ತು ಗುಂಡಿಗಳಿವೆ. ಬೀಜವು ಅವರ ಅತ್ತೆಯವರು ಮದುವೆಯಾಗಿ ಬಂದ ಕಾಲದಿಂದಲೂ ಅದೇ. ಹಿಂದೆ ಒಂದೊಂದು ಗುಂಡಿಯಿಂದ ಎರಡು ಕೈಗಳಿಂದ ಎತ್ತಬೇಕಾದಂಥ ಗೆಡ್ಡೆಗಳು ಬರುತ್ತಿದ್ದುವು. ನಾಲ್ಕು ಕಿಲೋ ತೂಗುವುದು ದೊಡ್ಡ ಮಾತಾಗಿರಲಿಲ್ಲ. ಈಚೆಗೆ ಅದು ಎರಡು ಕಿಲೋವಿಗೆ ಇಳಿದಿದೆ. ಗುಂಡಿಯೊಂದಕ್ಕೆ ಒಂದು ಕಿಲೋ ಬೀಜದಂತೆ ಇಪ್ಪತ್ತು ಕಿಲೋವನ್ನು ಎತ್ತಿಟ್ಟರೆ, ಬೆಳೆದುದರಲ್ಲಿ ಅರ್ಧವು ಮರಳಿ ಮಣ್ಣಿಗೇ ಸಲ್ಲುತ್ತದೆ. "ನಾವು ಗೆಡ್ಡೆಯನ್ನು ಸಾಕುತ್ತಿರುವೆವೋ, ಗೆಡ್ಡೆಯು ನಮ್ಮನ್ನು ಸಾಕುತ್ತಿರುವುದೋ ತಿಳಿಯದು" ಎಂದು ಆ ಸೋದರಿಯು ಬರೆದಿರುವರು.

ಅವರ ಕಷ್ಟವು ಇಷ್ಟಕ್ಕೇ ಮುಗಿಯಲಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ಮಗನು, "ಹಳೆಯ ಬೀಜವನ್ನು ಎಸೆದು ಅಂಗಾಂಶ ಕೃಷಿಯ ಸಸಿಗಳನ್ನು ತಂದು ನೆಡೋಣ, ಬಾಳೆಗೆ ಎಲ್ಲರೂ ಹಾಗೆಯೇ ಮಾಡುತ್ತಾರೆ" ಎನ್ನುವನಂತೆ. ಅತ್ತೆಯವರು, "ಸೀಸೆಯಲ್ಲಿ ಹುಟ್ಟಿದುದು ಮಣ್ಣಿನಲ್ಲಿ ಬಾಳೀತೆ? ನಮ್ಮ ಗೆಡ್ಡೆಗೆ ತುರಿಕೆಯಿಲ್ಲ, ಬೇಯಿಸಿದರೆ ಬೆಣ್ಣೆಯಂತಾಗುತ್ತದೆ, ಅದನ್ನು ಕಳೆದರೆ ಮತ್ತೆ ಸಿಕ್ಕದು" ಎನ್ನುವರಂತೆ. ಈ ಇಬ್ಬರ ನಡುವೆ ಸಿಕ್ಕಿಕೊಂಡ ಆಕೆಯು ನಮ್ಮ ಅಭಿಪ್ರಾಯವನ್ನು ಕೇಳಿರುವರು. ಇದೇ ಸಂಕಟವು ಇನ್ನೂ ಅನೇಕರ ಹಿತ್ತಿಲುಗಳಲ್ಲಿ ಇರಬಹುದಾದುದರಿಂದ ನಾವು ಉತ್ತರವನ್ನು ಎಲ್ಲ ವಾಚಕರ ಮುಂದೆಯೇ ಇಡುತ್ತಿದ್ದೇವೆ.

ಮೊದಲು ಸುವರ್ಣಗೆಡ್ಡೆಯ ಬಾಳನ್ನು ಸ್ವಲ್ಪ ತಿಳಿಯತಕ್ಕುದು. ಸಂಸ್ಕೃತದಲ್ಲಿ ಇದಕ್ಕೆ ಸೂರಣವೆಂದು ಹೆಸರು. ಮೂಲವ್ಯಾಧಿಯನ್ನು ಕಳೆಯುವುದೆಂಬ ನಂಬಿಕೆಯಿಂದ ವೈದ್ಯರು ಅರ್ಶೋಘ್ನವೆಂತಲೂ ಕರೆದರು. ಮಲೆಯಾಳಿಗಳಿಗೆ ಇದು ಚೇನ, ತೆಲುಗರಿಗೆ ಕಂದ. ಮಳೆಗಾಲದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಗಿಡವನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಚುಕ್ಕೆಚುಕ್ಕೆಯ ದಂಟನ್ನು ಕಾಂಡವೆಂದು ತಿಳಿಯುವುದು ವಾಡಿಕೆ. ಆದರೆ ಅದು ಎಲೆಯ ತೊಟ್ಟು. ಮೇಲೆ ಹರಡಿದ ಕೊಡೆಯೆಲ್ಲವೂ ಸೇರಿ ಒಂದೇ ಒಂದು ಎಲೆ. ನಿಜವಾದ ಕಾಂಡವು ನೆಲದೊಳಗಿರುವ ಗೆಡ್ಡೆಯೇ.

ಇದರಲ್ಲಿ ಇನ್ನೂ ಒಂದು ವಿಶೇಷವಿದೆ. ನಾವು ನೆಟ್ಟ ಗೆಡ್ಡೆಯು ಹಾಗೆಯೇ ದಪ್ಪನಾಗುತ್ತ ಹೋಗುವುದಿಲ್ಲ. ಅದು ತನ್ನಲ್ಲಿದ್ದ ಸಾರವನ್ನೆಲ್ಲ ಎಲೆಗೆ ಕೊಟ್ಟು ಸೊರಗುತ್ತದೆ. ಅದರ ತಲೆಯ ಮೇಲೆ ಹೊಸ ಗೆಡ್ಡೆಯು ಕುಳಿತು ಬೆಳೆಯುತ್ತದೆ. ಪುಷ್ಯ ಮಾಸದ ಹೊತ್ತಿಗೆ ಎಲೆಯು ಒಣಗಿ ಬಿದ್ದಾಗ ಅಗೆದು ನೋಡಿದರೆ ಹಳೆಯದು ಸುಕ್ಕುಗಟ್ಟಿದ ಸಿಪ್ಪೆಯಾಗಿರುತ್ತದೆ. ತಾಯಿಯು ತನ್ನ ಮೈಯನ್ನೇ ಉಣಿಸಿ ಮಗುವನ್ನು ಬೆಳೆಸಿದಂತೆ ಇದರ ರೀತಿ. ಹೂವಿನಿಂದ ಬೀಜ ಹಿಡಿಯೋಣವೆಂದರೆ ಅದೂ ಸುಲಭವಲ್ಲ. ಚೆನ್ನಾಗಿ ಬಲಿತ ಗೆಡ್ಡೆಯಲ್ಲಿ ಎಂದಾದರೊಮ್ಮೆ ಕೊಳೆತ ಮಾಂಸದ ನಾತವುಳ್ಳ ದೊಡ್ಡ ಹೂಗೊಂಚಲು ಏಳುತ್ತದೆ. ಕೆಳಗಿನ ಹೆಣ್ಣುಹೂಗಳು ಮೊದಲು ಪಕ್ವವಾಗಿ, ಮೇಲಿನ ಗಂಡುಹೂಗಳು ಪರಾಗವನ್ನು ಸುರಿಸುವ ವೇಳೆಗೆ ಅವುಗಳ ಕಾಲವು ಮೀರಿರುತ್ತದೆ. ಆದಕಾರಣ ಒಂಟಿ ಗಿಡದಲ್ಲಿ ಕಾಯಿ ಕಟ್ಟುವುದು ಅಪರೂಪ. ಕಟ್ಟಿದರೂ ಆ ಬೀಜದ ಸಸಿಯು ತಾಯಿಯ ಗುಣವನ್ನೇ ಹೊಂದುವುದೆಂಬ ಭರವಸೆಯಿಲ್ಲ. ಹೀಗಾಗಿ ಗೆಡ್ಡೆಯನ್ನೇ ಕತ್ತರಿಸಿ ನೆಡುವುದು ಅನಾದಿಯಿಂದ ಬಂದ ಕ್ರಮವಾಗಿದೆ.

ಈ ಕ್ರಮದ ಭಾರವೆಷ್ಟೆಂಬುದನ್ನು ಲೆಕ್ಕಹಾಕಿ ನೋಡೋಣ. ತೊಂಬತ್ತು ಸೆಂಟಿಮೀಟರಿಗೆ ಒಂದರಂತೆ ಗುಂಡಿ ತೆಗೆದರೆ ಎಕರೆಗೆ ಸುಮಾರು ೫೦೦೦ ಗುಂಡಿಗಳಾಗುತ್ತವೆ. ಗುಂಡಿಗೆ ಒಂದು ಕಿಲೋ ತುಂಡಿನಂತೆ ೫೦ ಕ್ವಿಂಟಾಲು ಗೆಡ್ಡೆಯು ಬೀಜಕ್ಕೇ ಬೇಕು. ಒಳ್ಳೆಯ ಬೆಳೆಯಲ್ಲಿ ಒಂದಕ್ಕೆ ಮೂರೋ ನಾಲ್ಕೋ ಬರುವುದು. ಒಂದು ಹಿಡಿ ರಾಗಿಯನ್ನು ಚೆಲ್ಲಿ ಮೊರದ ತುಂಬ ಪಡೆಯುವ ಒಕ್ಕಲಿಗನಿಗೆ ಈ ಲೆಕ್ಕವು ವಿಚಿತ್ರವಾಗಿ ತೋರೀತು. ಸುವರ್ಣಗೆಡ್ಡೆಯ ಬೆಳೆಗಾರನಿಗೆ ಎಲ್ಲಕ್ಕಿಂತ ಹೆಚ್ಚಿನ ಖರ್ಚೆಂದರೆ ಬೀಜವೇ. ಒಳ್ಳೆಯ ತಳಿಯೊಂದು ಒಬ್ಬರಲ್ಲಿದ್ದರೆ ಅದು ಊರೆಲ್ಲ ಹರಡಲು ಹತ್ತಾರು ವರ್ಷಗಳು ಹಿಡಿಯುವುದೂ ಇದರಿಂದಲೇ.

ಇನ್ನು ಆ ಸೋದರಿಯ ಹಿತ್ತಿಲಿನಲ್ಲಿ ಗೆಡ್ಡೆಯು ಏಕೆ ಕಿರಿದಾಯಿತು? ಮಣ್ಣು ಸಾರಗುಂದಿರಬಹುದು, ತೆಂಗಿನ ನೆರಳು ಹೆಚ್ಚಿರಬಹುದು. ಆದರೆ ಅವರು ಬರೆದಿರುವ ಒಂದು ಮಾತು ನಮಗೆ ಬೇರೆಯದನ್ನೇ ಸೂಚಿಸುತ್ತದೆ. "ಎಲೆಗಳಲ್ಲಿ ತಿಳಿಹಸುರು, ಹಳದಿ ಮಚ್ಚೆಗಳು, ಕೆಲವು ಎಲೆಗಳು ಮುದುಡಿ ಪಟ್ಟಿಯಂತೆ ಕಿರಿದಾಗಿವೆ" ಎಂದಿರುವರು. ಇದು ಮೊಸಾಯಿಕ್ ಎಂಬ ನಂಜುರೋಗದ ಲಕ್ಷಣ. ಇದನ್ನುಂಟುಮಾಡುವ ವೈರಸ್ಸನ್ನು ಅಮೆರಿಕದ ಫ್ಲಾರಿಡಾದಲ್ಲಿ ಕೆಸುವಿನ ಜಾತಿಯ ಗಿಡಗಳಲ್ಲಿ ಗುರುತಿಸಿ ೧೯೭೦ರಲ್ಲಿ ವರ್ಣಿಸಿದರು. ಕೆಸು, ಸುವರ್ಣಗೆಡ್ಡೆ, ಕುಂಡಗಳಲ್ಲಿ ಚೆಲುವಿಗೆಂದು ಬೆಳೆಸುವ ಕೆಲಾಡಿಯಂ, ಡಿಫೆನ್‌ಬೇಕಿಯಾ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದುವು. ರೋಗವೂ ಈ ನೆಂಟರ ಮನೆಗಳಲ್ಲಿ ಓಡಾಡಿಕೊಂಡಿರುತ್ತದೆ. ಸಸ್ಯಹೇನುಗಳು ರೋಗಿಯಾದ ಎಲೆಯ ರಸವನ್ನು ಹೀರಿ ಹಾಗೆಯೇ ಪಕ್ಕದ ಗಿಡಕ್ಕೆ ಹಾರಿ ನಂಜನ್ನು ಅಂಟಿಸುತ್ತವೆ.

ಈ ನಂಜು ಮನುಷ್ಯರಿಗೆ ತಗಲದು. ಅಂಥ ಗೆಡ್ಡೆಯನ್ನು ತಿಂದವರಿಗೆ ಅದರಿಂದ ಯಾವ ಕೇಡೂ ಇಲ್ಲ. ಕೇಡಿರುವುದು ಬೀಜಕ್ಕೆ. ಒಮ್ಮೆ ಗಿಡದೊಳಗೆ ಹೊಕ್ಕ ವೈರಸ್ಸು ಗೆಡ್ಡೆಗೂ ಇಳಿಯುತ್ತದೆ. ಆ ಗೆಡ್ಡೆಯ ತುಂಡುಗಳಲ್ಲಿಯೂ, ತುಂಡಿನಿಂದ ಬಂದ ಹೊಸ ಗೆಡ್ಡೆಯಲ್ಲಿಯೂ ಅದು ಇದ್ದೇ ಇರುತ್ತದೆ. ತಾಯಿಯು ಮಗುವಿಗೆ ಉಣಿಸುವಾಗ ರೋಗವನ್ನೂ ಉಣಿಸಿದಂತಾಯಿತು. ಬುಡಕೊಳೆಗೆ ಔಷಧವುಂಟು, ಹುಳುವಿಗೆ ಔಷಧವುಂಟು. ಹಿತ್ತಿಲಿನಲ್ಲಿ ನಿಂತ ಗಿಡದೊಳಗಿನ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ.

ಇಲ್ಲಿ ನಮ್ಮ ಹಿರಿಯರ ಜಾಣ್ಮೆಗೂ ಎಟುಕದ ತೊಡಕೊಂದಿರುವುದು. ಬೀಜವನ್ನು ನಾವು ಆರಿಸುವುದು ಅಗೆತದ ದಿನ. ಅಂದು ಎಲೆಯು ಒಣಗಿ ಹೋಗಿರುತ್ತದೆ. ರೋಗದ ಗುರುತು ಎಲೆಯೊಡನೆಯೇ ಮಣ್ಣುಪಾಲಾಗಿರುತ್ತದೆ. ಕೈಗೆ ಸಿಕ್ಕ ಗೆಡ್ಡೆಯಾದರೋ ನೋಡಲು ನಿರ್ದೋಷಿಯೇ. ಜೊತೆಗೆ ದೊಡ್ಡದನ್ನೆಲ್ಲ ಅಡಿಗೆಗೋ ಸಂತೆಗೋ ಕಳುಹಿಸಿ, ಸಣ್ಣದನ್ನು ಬೀಜಕ್ಕೆ ಇಡುವ ಆಸೆ ಯಾರಿಗೆ ತಾನೇ ಇಲ್ಲ? ರೋಗದಿಂದ ಕಿರಿದಾದುದೇ ಹೀಗೆ ವರ್ಷವರ್ಷವೂ ಬೀಜವಾಗುತ್ತ ಬರುತ್ತದೆ. ಯಾರ ತಪ್ಪೂ ಇಲ್ಲದೆ, ಯಾರಿಗೂ ತಿಳಿಯದೆ, ಒಂದು ಮನೆಯ ಬೀಜವು ಇಪ್ಪತ್ತು ವರ್ಷಗಳಲ್ಲಿ ಇಳಿದು ಹೋಗುವ ಬಗೆಯಿದು.

ಈಗ ಮಗನು ಹೇಳಿದ ಅಂಗಾಂಶ ಕೃಷಿಯ ವಿಚಾರಕ್ಕೆ ಬರೋಣ. ಒಂದೇ ಬಗೆಯ ಜೀವಕೋಶಗಳು ಸೇರಿ ಒಂದೇ ಕೆಲಸವನ್ನು ಮಾಡುವ ಗುಂಪಿಗೆ ಅಂಗಾಂಶವೆಂದು ಹೆಸರು. ಗಿಡದಿಂದ ಅಂಥ ಒಂದು ಚೂರನ್ನು ತೆಗೆದು, ಗಾಜಿನ ಸೀಸೆಯಲ್ಲಿ ಆಹಾರವನ್ನಿತ್ತು ಇಡೀ ಗಿಡವನ್ನಾಗಿ ಬೆಳೆಸುವುದೇ ಅಂಗಾಂಶ ಕೃಷಿ. ಗಿಡದ ಒಂದೊಂದು ಜೀವಕೋಶದಲ್ಲಿಯೂ ಇಡೀ ಗಿಡವಾಗುವ ಶಕ್ತಿಯು ಅಡಗಿದೆಯೆಂದು ಹಾಬರ್‌ಲಾಂಟ್ ಎಂಬ ಆಸ್ಟ್ರಿಯದ ವಿದ್ವಾಂಸನು ೧೯೦೨ರಲ್ಲಿಯೇ ಸೂಚಿಸಿದನು. ಆತನು ಸೀಸೆಯಲ್ಲಿಟ್ಟ ಕೋಶಗಳು ಕೆಲವು ವಾರ ಬದುಕಿದುವೇ ಹೊರತು ಒಂದೂ ಒಡೆದು ಎರಡಾಗಲಿಲ್ಲ. ೧೯೩೯ರಲ್ಲಿ ಫ್ರಾನ್ಸಿನ ಗೋತ್ರೆ ಮತ್ತು ನೋಬೆಕೂರ್, ಅಮೆರಿಕದ ವೈಟ್ ಇವರು ಬೇರೆಬೇರೆಯಾಗಿ ಅಂಗಾಂಶವನ್ನು ಸೀಸೆಯಲ್ಲಿ ಎಡೆಬಿಡದೆ ಬೆಳೆಸಿ ತೋರಿಸಿದರು. ೧೯೫೭ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬವರು ಮುಖ್ಯವಾದ ಬೀಗದ ಕೈಯನ್ನು ಕಂಡುಹಿಡಿದರು. ಗಿಡದಲ್ಲಿ ಆಕ್ಸಿನ್ ಮತ್ತು ಸೈಟೊಕೈನಿನ್ ಎಂಬ ಎರಡು ಬಗೆಯ ಚೋದಕಗಳಿವೆ. ಮೊದಲನೆಯದು ಹೆಚ್ಚಾದರೆ ಬೇರು ಬರುತ್ತದೆ, ಎರಡನೆಯದು ಹೆಚ್ಚಾದರೆ ಚಿಗುರು ಒಡೆಯುತ್ತದೆ, ಸರಿಸಮವಾದರೆ ಅಂಗಾಂಶವು ರೂಪವಿಲ್ಲದ ಮುದ್ದೆಯಾಗಿ ಬೆಳೆಯುತ್ತದೆ. ನಮ್ಮ ದೇಶದವರೂ ಇದರಲ್ಲಿ ಹಿಂದೆ ಬೀಳಲಿಲ್ಲ. ೧೯೬೪ರಲ್ಲಿ ದಿಲ್ಲಿಯ ವಿಶ್ವವಿದ್ಯಾಲಯದಲ್ಲಿ ಶಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿಯವರು ದತ್ತೂರದ ಪರಾಗದಿಂದಲೇ ಸಸಿಗಳನ್ನು ಪಡೆದು ಲೋಕವನ್ನು ಬೆರಗುಗೊಳಿಸಿದರು.

ಸೀಸೆಯೊಳಗಿನ ಅಡಿಗೆಯು ಹೇಗಿರುತ್ತದೆಂಬ ಕುತೂಹಲವು ನಮ್ಮ ಸೋದರಿಯರಿಗೆ ಇರದಿರದು. ಅದರಲ್ಲಿ ಗುಟ್ಟೇನೂ ಇಲ್ಲ. ಮುರಶೀಗೆ ಮತ್ತು ಸ್ಕೂಗ್ ಎಂಬವರು ೧೯೬೨ರಲ್ಲಿ ಪ್ರಕಟಿಸಿದ ಪಾಕವೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ. ಒಂದು ಲೀಟರು ಶುದ್ಧ ಜಲಕ್ಕೆ ೩೦ ಗ್ರಾಂ ಸಕ್ಕರೆ, ಸಾರಜನಕ, ಪೊಟಾಸಿಯಂ, ರಂಜಕ, ಸುಣ್ಣ, ಮೆಗ್ನೀಸಿಯಂ ಮೊದಲಾದುವುಗಳ ಲವಣಗಳು ತೂಗಿದ ಪ್ರಮಾಣದಲ್ಲಿ, ಕಬ್ಬಿಣ, ಸತುವು ಮುಂತಾದುವು ಅತ್ಯಲ್ಪ ಪ್ರಮಾಣದಲ್ಲಿ, ಜೀವಸತ್ತ್ವಗಳು, ಚೋದಕಗಳು. ಇದೆಲ್ಲವನ್ನೂ ಗಟ್ಟಿಮಾಡಲು ಏಳೆಂಟು ಗ್ರಾಂ ಅಗರ್, ಎಂದರೆ ನಾವು ಮನೆಯಲ್ಲಿ ಹಾಲಿಗೆ ಹಾಕಿ ಹೆಪ್ಪುಗಟ್ಟಿಸುವ ಚೈನಾಗ್ರಾಸ್. ಅನಂತರ ಸೀಸೆಗಳನ್ನು ಪ್ರೆಶರ್ ಕುಕ್ಕರಿನಂಥ ದೊಡ್ಡ ಪಾತ್ರೆಯಲ್ಲಿಟ್ಟು ೧೨೧ ಡಿಗ್ರಿ ಶಾಖದಲ್ಲಿ ಹದಿನೈದು ಇಪ್ಪತ್ತು ನಿಮಿಷ ಆವಿಯಲ್ಲಿ ಬೇಯಿಸುತ್ತಾರೆ. ಸಕ್ಕರೆಯಿರುವ ಕಡೆ ಬೂಷ್ಟು ಬರುವುದೆಂಬುದು ಉಪ್ಪಿನಕಾಯಿ, ಮುರಬ್ಬ ಹಾಕುವವರಿಗೆ ಹೇಳಬೇಕಾದುದಿಲ್ಲ. ಒಂದೇ ಒಂದು ಬೂಷ್ಟಿನ ಕಣವು ಬಿದ್ದರೂ ಮೂರು ದಿನಗಳಲ್ಲಿ ಸೀಸೆಯೆಲ್ಲ ಅದರ ಪಾಲು. ಆದಕಾರಣ ಕೆಲಸವೆಲ್ಲವೂ ಸೋಸಿದ ಗಾಳಿಯ ಮುಂದೆ, ಜ್ವಾಲೆಯಲ್ಲಿ ಸುಟ್ಟ ಕತ್ತಿ ಚಿಮಟಗಳಿಂದ ನಡೆಯುತ್ತದೆ. ಇದನ್ನು ಮನೆಯಲ್ಲಿಯೇ ಮಾಡಬಹುದೇ ಎಂದು ಕೆಲವರು ಕೇಳುವುದುಂಟು. ಪಾಕವನ್ನು ಮಾಡಬಹುದು, ಗಾಳಿಯನ್ನು ಶುದ್ಧಮಾಡುವುದು ಕಷ್ಟ.

ಸುವರ್ಣಗೆಡ್ಡೆಗೆ ಈ ಕಷ್ಟವು ಇಮ್ಮಡಿ. ಅದು ಬೆಳೆದುದೇ ಗೊಬ್ಬರದ ಗುಂಡಿಯಲ್ಲಿ. ಅದರ ಮೈಯ ಸಂದುಗೊಂದುಗಳಲ್ಲೆಲ್ಲ ಮಣ್ಣಿನ ಸೂಕ್ಷ್ಮಜೀವಿಗಳು ಮನೆಮಾಡಿರುತ್ತವೆ. ಆದುದರಿಂದ ಗೆಡ್ಡೆಯ ನಡುವಿನ ಕಣ್ಣಿನಿಂದ ಎಳೆಯ ಮೊಳಕೆಯನ್ನು ಬಿಡಿಸಿ, ಸಾಬೂನಿನಲ್ಲಿ ತೊಳೆದು, ಮದ್ಯಸಾರದಲ್ಲಿಯೂ ಕ್ರಿಮಿನಾಶಕ ದ್ರವದಲ್ಲಿಯೂ ಅದ್ದಿ, ಒಂದೊಂದೇ ಸಿಪ್ಪೆಯನ್ನು ಕಳಚುತ್ತಾ ಹೋಗುತ್ತಾರೆ. ಕತ್ತರಿಸಿದ ಬಾಳೆಕಾಯಿಯು ಕಪ್ಪಾಗುವಂತೆ ಇದೂ ಕಂದಿ ಕಪ್ಪಾಗುವ ಸ್ವಭಾವದ್ದು. ಅದನ್ನು ತಡೆಯಲು ಪಾಕಕ್ಕೆ ಇದ್ದಲಿನ ಪುಡಿಯನ್ನೋ ಬೇರೆ ದ್ರವ್ಯವನ್ನೋ ಸೇರಿಸಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಬದುಕಿದ ಚೂರು ಚಿಗುರುತ್ತದೆ, ಚಿಗುರು ಗುಂಪಾಗುತ್ತದೆ. ಗುಂಪನ್ನು ಬಿಡಿಸಿ ಬೇರೆ ಸೀಸೆಗಳಿಗೆ ಹಾಕಿದರೆ ಮತ್ತೆ ಗುಂಪು. ಒಂದು ಚಿಗುರು ತಿಂಗಳಿಗೆ ಮೂರಾಗುವುದೆಂದು ಭಾವಿಸಿದರೂ ಆರು ತಿಂಗಳಲ್ಲಿ ೭೨೯ ಆಗುವುವು. ಕೆಲವು ಸತ್ತರೂ ಕೆಲವು ಕೆಟ್ಟರೂ, ವರ್ಷಕ್ಕೆ ಒಂದರಿಂದ ನಾಲ್ಕನ್ನು ಮಾತ್ರ ಕೊಡುವ ಗುಂಡಿಯ ಲೆಕ್ಕದೊಡನೆ ಇದನ್ನು ಹೋಲಿಸುವಂತಿಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ಸೀಸೆಯ ದೊಡ್ಡ ಉಪಕಾರವು ಈ ಸಂಖ್ಯೆಯಲ್ಲ, ಶುದ್ಧಿ. ೧೯೫೨ರಲ್ಲಿ ಮೊರೆಲ್ ಮತ್ತು ಮಾರ್ಟಿನ್ ಎಂಬ ಫ್ರೆಂಚರು ವೈರಸ್ ತಗಲಿದ ಡೇಲಿಯಾ ಗಿಡದಿಂದ ವೈರಸ್ಸಿಲ್ಲದ ಗಿಡವನ್ನು ಪಡೆದರು. ಚಿಗುರಿನ ತುತ್ತತುದಿಯಲ್ಲಿ, ಅರ್ಧ ಮಿಲಿಮೀಟರಿಗೂ ಕಿರಿದಾಗಿ, ಸದಾ ಒಡೆದು ಬೆಳೆಯುತ್ತಿರುವ ವರ್ಧನ ಅಂಗಾಂಶವಿರುತ್ತದೆ. ವೈರಸ್ಸು ಗಿಡದಲ್ಲಿ ದೂರ ಸಾಗುವುದು ರಸನಾಳಗಳ ಮೂಲಕ. ಈ ತುದಿಗಾದರೋ ನಾಳಗಳು ಇನ್ನೂ ಬಂದಿರುವುದಿಲ್ಲ. ಊರಿಗೆಲ್ಲ ಬೇನೆ ಹರಡಿದಾಗ ದಾರಿಯೇ ಇಲ್ಲದ ಗುಡ್ಡದ ನೆತ್ತಿಯ ಒಂಟಿ ಮನೆಯು ಉಳಿದುಕೊಂಡಂತೆ ಆ ತುದಿಯು ಅನೇಕ ವೇಳೆ ನಂಜಿಲ್ಲದೆ ಉಳಿದಿರುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ಅದನ್ನಷ್ಟೇ ಕೊಯ್ದು ಬೆಳೆಸಿದರೆ ರೋಗಿಯ ಮಗುವು ನಿರೋಗಿಯಾಗುತ್ತದೆ. ಅನೇಕ ವೇಳೆ ಎಂದೆವು, ಯಾವಾಗಲೂ ಅಲ್ಲ. ಆದಕಾರಣ ಬೆಳೆದ ಸಸಿಯನ್ನು ಪರೀಕ್ಷಿಸಿ ವೈರಸ್ಸಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ತಾಯಿಸಸಿಯೆಂದು ಒಪ್ಪಬೇಕು. ಸೀಸೆಯಲ್ಲಿ ಹುಟ್ಟಿದ ಮಾತ್ರಕ್ಕೆ ಶುದ್ಧವೆಂದು ನಂಬತಕ್ಕುದಲ್ಲ. ರೋಗವಿರುವ ಚೂರನ್ನು ಪರೀಕ್ಷಿಸದೆ ಸಾವಿರಮಾಡಿದರೆ ಸಾವಿರ ರೋಗಿಗಳಾಗುವುವು. ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ೨೦೦೬ರಲ್ಲಿ ಅಂಗಾಂಶ ಕೃಷಿಯ ಸಸಿಗಳಿಗೆ ಪ್ರಮಾಣಪತ್ರದ ಏರ್ಪಾಡನ್ನು ತಂದುದು ಈ ಕಾರಣದಿಂದಲೇ. ಸಸಿಯನ್ನು ಕೊಳ್ಳುವವರು ಬೆಲೆಯನ್ನು ಕೇಳುವ ಮುಂಚೆ ವೈರಸ್ ಪರೀಕ್ಷೆಯ ಪತ್ರವನ್ನು ಕೇಳಬೇಕು.

ಇನ್ನು ಅತ್ತೆಯವರ ಪ್ರಶ್ನೆ: ಸೀಸೆಯಲ್ಲಿ ಹುಟ್ಟಿದುದು ಮಣ್ಣಿನಲ್ಲಿ ಬಾಳೀತೆ? ಇದು ತಮಾಷೆಯ ಪ್ರಶ್ನೆಯಲ್ಲ. ನಾವೇ ಒಮ್ಮೆ ಇಂಥ ಆರು ಸಸಿಗಳನ್ನು ತಂದು, ಹುಮ್ಮಸ್ಸಿನಿಂದ ಅಂದೇ ಮಧ್ಯಾಹ್ನ ಹಿತ್ತಿಲಿನ ಬಿಸಿಲಿನಲ್ಲಿ ನೆಟ್ಟೆವು. ಮೂರನೆಯ ದಿನಕ್ಕೆ ಆರೂ ಬಾಡಿ ಮಲಗಿದುವು. ತಪ್ಪು ಸಸಿಯದಲ್ಲ, ನಮ್ಮದು. ಸೀಸೆಯೊಳಗೆ ಗಾಳಿಯು ಸದಾ ತೇವ, ಬೆಳಕು ಮೃದು, ಊಟಕ್ಕೆ ಸಕ್ಕರೆಯುಂಟು. ಅಲ್ಲಿ ಬೆಳೆದ ಎಲೆಗೆ ನೀರನ್ನು ಹಿಡಿದಿಡುವ ಮೇಣದ ಹೊದಿಕೆಯು ತೆಳು. ಬಿಸಿಲಿಗೆ ರಂಧ್ರಗಳನ್ನು ಮುಚ್ಚಿಕೊಳ್ಳುವುದನ್ನೂ ಅದು ಕಲಿತಿರುವುದಿಲ್ಲ. ಬಾಣಂತಿಯ ಕೋಣೆಯ ಮಗುವನ್ನು ಏಕಾಏಕಿ ಅಂಗಳದ ಗಾಳಿಗೆ ಒಡ್ಡುವವರುಂಟೆ? ಆದುದರಿಂದ ಅಗರನ್ನು ಬೇರಿನಿಂದ ಚೆನ್ನಾಗಿ ತೊಳೆದು, ತೆಂಗಿನನಾರಿನ ಪುಡಿ, ಮರಳು, ಮಣ್ಣುಗಳ ಸಡಿಲ ಮಿಶ್ರಣದಲ್ಲಿ ನೆಟ್ಟು, ನೆರಳಿನಲ್ಲಿ ತೇವವಾದ ಮುಸುಕಿನೊಳಗಿಟ್ಟು, ದಿನದಿನಕ್ಕೆ ಮುಸುಕನ್ನು ಸಡಿಲಿಸುತ್ತಾ ನಾಲ್ಕಾರು ವಾರಗಳಲ್ಲಿ ಹೊರಗಿನ ಗಾಳಿಗೆ ಒಗ್ಗಿಸಬೇಕು. ಕೊಳ್ಳುವವರು ಹೀಗೆ ಒಗ್ಗಿಸಿದ ಸಸಿಗಳನ್ನೇ ಕೊಳ್ಳುವುದು ಮೇಲು.

ಬಾಳೆಗೆ ಎಲ್ಲರೂ ಮಾಡುತ್ತಾರೆಂಬ ಮಗನ ಮಾತಿಗೂ ಉತ್ತರವನ್ನು ಹೇಳಬೇಕಾಗಿದೆ. ಬಾಳೆಯ ಸಸಿಯು ನೆಟ್ಟ ಬೇಸಾಯದಲ್ಲಿಯೇ ಗೊನೆ ಹಾಕುತ್ತದೆ. ಹಾಕಿದ ಹಣವು ಒಂದು ವರ್ಷದ ಆಚೀಚೆಗೆ ಮರಳುತ್ತದೆ. ಸುವರ್ಣಗೆಡ್ಡೆಯ ರೀತಿಯು ಹಾಗಲ್ಲ. ಅದರ ಬೆಳೆಯು ನೆಟ್ಟ ತುಂಡಿನ ತೂಕವನ್ನು ಅನುಸರಿಸುವುದೆಂಬುದು ಎಲ್ಲ ಬೆಳೆಗಾರರೂ ಬಲ್ಲ ಮಾತು. ಒಂದು ಕಿಲೋ ತುಂಡಿಗೆ ದೊಡ್ಡ ಕೊಡೆ, ದೊಡ್ಡ ಗೆಡ್ಡೆ. ಸೀಸೆಯ ಸಸಿಯ ಬೆನ್ನಹಿಂದೆ ಅಂಥ ಗಂಟಿಲ್ಲ. ಮೊದಲ ವರ್ಷ ಅದು ಕಟ್ಟುವುದು ಪುಟ್ಟ ಗೆಡ್ಡೆಯನ್ನು. ಅದನ್ನು ಮರಳಿ ನೆಟ್ಟರೆ ಇನ್ನಷ್ಟು ದೊಡ್ಡದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಮೇಲೆಯೇ ಅಡಿಗೆಮನೆಗೆ ಅದರ ಪ್ರಯೋಜನ. ಬಾಳೆಯಲ್ಲಿ ಅಂಗಾಂಶ ಕೃಷಿಯು ತೋಟಕ್ಕೆ ಇಳಿದರೂ ಸುವರ್ಣಗೆಡ್ಡೆಯಲ್ಲಿ ಬಹುಮಟ್ಟಿಗೆ ಬೀಜದ ಮೂಲವಾಗಿ ನಿಂತಿರುವುದಕ್ಕೆ ಇದೇ ಕಾರಣ. ಸೀಸೆಯ ಸಸಿಯನ್ನು ಬೆಳೆಯೆಂದು ಕೊಳ್ಳುವವನು ನಿರಾಶನಾಗುವನು. ಬೀಜದ ತಾಯಿಯೆಂದು ಕೊಳ್ಳುವವನು ಲಾಭಪಡೆಯುವನು.

ಶುದ್ಧವಾದ ಗೆಡ್ಡೆಯೊಂದು ಕೈಗೆ ಬಂದ ಬಳಿಕ ಅದನ್ನು ಹೆಚ್ಚಿಸಲು ಸೀಸೆಯು ಬೇಕಿಲ್ಲ, ಕತ್ತಿಯು ಸಾಕು. ತಿರುವನಂತಪುರದ ಶ್ರೀಕಾರ್ಯದಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾಲಯವು ಇದಕ್ಕೊಂದು ಸುಲಭ ಕ್ರಮವನ್ನು ರೂಢಿಗೆ ತಂದಿದೆ. ಗೆಡ್ಡೆಯನ್ನು ಒಂದೊಂದು ತುಂಡಿನಲ್ಲಿಯೂ ನಡುಗಣ್ಣಿನ ಸ್ವಲ್ಪ ಭಾಗವು ಬರುವಂತೆ, ಹಣ್ಣನ್ನು ಹೋಳುಮಾಡುವ ರೀತಿಯಲ್ಲಿ, ಸುಮಾರು ೧೦೦ ಗ್ರಾಂ ತೂಕಕ್ಕೆ ಕತ್ತರಿಸುತ್ತಾರೆ. ಒಂದು ಕಿಲೋ ಗೆಡ್ಡೆಯಿಂದ ಹತ್ತು ತುಂಡುಗಳು. ಸಗಣಿಯ ಬಗ್ಗಡದಲ್ಲಿ ಅದ್ದಿ ನೆರಳಿನಲ್ಲಿ ಆರಿಸಿ, ೬೦ ಸೆಂಟಿಮೀಟರಿಗೆ ೪೫ ಸೆಂಟಿಮೀಟರು ಅಂತರದಲ್ಲಿ ಒತ್ತಾಗಿ ನೆಡುತ್ತಾರೆ. ಇವುಗಳಿಂದ ಬರುವುದು ಮುಂದಿನ ವರ್ಷ ಕತ್ತರಿಸದೆಯೇ ನೆಡಬಹುದಾದ ಇಡೀ ಗೆಡ್ಡೆಗಳು. ಬೀಜದ ಪಾತಿಯೇ ಬೇರೆ, ಅಡಿಗೆಯ ಗುಂಡಿಗಳೇ ಬೇರೆ ಎಂದು ಮಾಡಿಕೊಂಡರೆ ಅರ್ಧ ಬೆಳೆಯು ಮಣ್ಣಿಗೆ ಸಲ್ಲುವುದೂ ತಪ್ಪುತ್ತದೆ.

ಕೊನೆಯದಾಗಿ ಗುಣದ ಪ್ರಶ್ನೆ. ಅಂಗಾಂಶ ಕೃಷಿಯೆಂದರೆ ಗಿಡಕ್ಕೆ ಬೇರೆ ಜೀವಿಯ ವಂಶವಾಹಿಯನ್ನು ಸೇರಿಸುವುದೆಂದು ಕೆಲವರು ಹೆದರುವರು. ಅದು ಬೇರೆ ವಿದ್ಯೆ, ಇದು ಬೇರೆ. ಇಲ್ಲಿ ಸೇರಿಸುವುದು ಏನೂ ಇಲ್ಲ. ಮೊಳಕೆಯ ತುದಿಯಿಂದ ನೇರವಾಗಿ ಬೆಳೆಸಿದ ಸಸಿಯು ಸಾಮಾನ್ಯವಾಗಿ ತಾಯಿಯ ಪಡಿಯಚ್ಚೇ ಸರಿ. ರೂಪವಿಲ್ಲದ ಮುದ್ದೆಯ ಹಂತವನ್ನು ಹಾಯ್ದು ಬಂದ ಸಸಿಗಳಲ್ಲಿ ಮಾತ್ರ ಒಮ್ಮೊಮ್ಮೆ ತಾಯಿಗಿಲ್ಲದ ಗುಣವು ತಲೆದೋರುವುದುಂಟು. ಅದೂ ಯಾವಾಗಲೂ ಕೇಡಲ್ಲ. ಕರಾವಳಿಯವರು ಬಲ್ಲ ಸಾಂಬ್ರಾಣಿ ಗೆಡ್ಡೆಯಲ್ಲಿ ಹೀಗೆ ಸೀಸೆಯಲ್ಲಿ ಹುಟ್ಟಿದ ಬದಲಾವಣೆಯಿಂದಲೇ ಕೇರಳದ ಕೃಷಿ ವಿಶ್ವವಿದ್ಯಾಲಯದವರು ಸುಫಲಾ ಎಂಬ ತಳಿಯನ್ನು ಆರಿಸಿ ತೆಗೆದರು. ಆದರೆ ಮನೆತನದ ತಳಿಯನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕೆನ್ನುವವರಿಗೆ ಮೊಳಕೆಯ ತುದಿಯ ದಾರಿಯೇ ಸರಿಯಾದುದು.

ಹಾಗಾದರೆ ಆ ಸೋದರಿಯು ಮಾಡತಕ್ಕದ್ದೇನು? ಈ ವರ್ಷವೇ ಹಳೆಯ ಬೀಜವನ್ನೆಲ್ಲ ಎಸೆಯಬೇಡಿರಿ. ಶಿವರಾತ್ರಿಯ ಸುಮಾರಿಗೆ ಎಂದಿನಂತೆ ನೆಡಿರಿ. ಆಷಾಢ ಶ್ರಾವಣಗಳಲ್ಲಿ ಎಲೆಯು ಪೂರ್ತಿಯಾಗಿ ಬಿಚ್ಚಿದಾಗ ಅತ್ತೆಯವರನ್ನೂ ಮಗನನ್ನೂ ಕರೆದುಕೊಂಡು ಇಪ್ಪತ್ತು ಗಿಡಗಳನ್ನೂ ಒಂದೊಂದಾಗಿ ನೋಡಿರಿ. ಮಚ್ಚೆಯಿಲ್ಲದೆ, ಮುದುಡದೆ, ಅಗಲವಾಗಿ ನಿಂತ ಗಿಡಗಳ ಪಕ್ಕದಲ್ಲಿ ಒಂದೊಂದು ಗೂಟವನ್ನು ಹೊಡೆಯಿರಿ. ಎಲೆಯು ಮಣ್ಣಾದರೂ ಗೂಟವು ನಿಲ್ಲುವುದು. ಗೂಟವಿದ್ದ ಗೆಡ್ಡೆಯೇ ಬೀಜಕ್ಕೆ. ಉಳಿದುದು ಎಷ್ಟೇ ದೊಡ್ಡದಾದರೂ ಹುಳಿಗೆ, ಪಲ್ಯಕ್ಕೆ. ತೀರ ಮುದುಡಿದ ಗಿಡಗಳನ್ನು ಕಂಡಕೂಡಲೇ ಕಿತ್ತು ದೂರಮಾಡಿರಿ. ಬಚ್ಚಲ ನೀರಿನ ತೋಡಿನಲ್ಲಿ ಮಚ್ಚೆಬಿದ್ದ ಕೆಸುವಿದ್ದರೆ ಅದಕ್ಕೂ ಇದೇ ಶಿಕ್ಷೆ. ರೋಗವಿದ್ದೂ ಲಕ್ಷಣವನ್ನು ತೋರದ ಗಿಡಗಳು ಕೆಲವಿರುವುದರಿಂದ ಇದರಿಂದಲೇ ಬೀಜವು ಪೂರ್ತಿ ಶುದ್ಧವಾಗದು. ಆದರೆ ಇಳಿಜಾರಿನಲ್ಲಿ ಜಾರುವುದಾದರೂ ನಿಲ್ಲುವುದು.

ಮಗನ ಮಾತನ್ನೂ ನಡೆಸಿರಿ. ಪರೀಕ್ಷೆಯ ಪತ್ರವಿರುವ, ಒಗ್ಗಿಸಿದ ನಾಲ್ಕಾರು ಸಸಿಗಳು ಸಿಕ್ಕಿದರೆ ತಂದು, ಹಳೆಯ ಗುಂಡಿಗಳಿಂದಲೂ ಕೆಸುವಿನಿಂದಲೂ ದೂರವಾಗಿ ಮನೆಯ ಇನ್ನೊಂದು ಮಗ್ಗುಲಲ್ಲಿ ನೆಡಿರಿ. ಅವುಗಳನ್ನು ಮೂರು ವರ್ಷ ಒಲೆಯ ಕಡೆಗೆ ತರುವುದಿಲ್ಲವೆಂದು ನಿಶ್ಚಯಿಸಿರಿ. ಇನ್ನು ಅತ್ತೆಯವರ ಬೀಜವು. ಪ್ರಯೋಗಶಾಲೆಗಳು ಸಾಮಾನ್ಯವಾಗಿ ಗಜೇಂದ್ರ, ಶ್ರೀಪದ್ಮ ಮೊದಲಾದ ಹೆಸರಾದ ತಳಿಗಳನ್ನೇ ಕೈಗೆತ್ತಿಕೊಳ್ಳುವುವು. ಒಂದು ಮನೆಯ ಒಂದು ಗೆಡ್ಡೆಗಾಗಿ ಅಷ್ಟು ಶ್ರಮಪಡುವುದು ಕಷ್ಟ. ಆದರೆ ಆ ಗಜೇಂದ್ರವೂ ಶ್ರೀಪದ್ಮವೂ ಮೊದಲು ಯಾರದೋ ಊರಿನ ಗೆಡ್ಡೆಗಳೇ. ಒಂದನ್ನು ಆಂಧ್ರದ ಕೊವ್ವೂರಿನಲ್ಲಿ, ಇನ್ನೊಂದನ್ನು ವಯನಾಡಿನ ಬೀಜದಿಂದ ಆರಿ ತೆಗೆದರು. ತುರಿಸದ, ಬೆಣ್ಣೆಯಂತೆ ಬೇಯುವ ಗೆಡ್ಡೆಯು ಊರಿನ ಹತ್ತು ಮನೆಗಳಲ್ಲಿದ್ದರೆ, ಹತ್ತು ಮನೆಯವರೂ ಕೂಡಿ ಅದನ್ನು ತೋಟಗಾರಿಕೆಯ ವಿದ್ಯಾಲಯದವರ ಕಣ್ಣಿಗೆ ಬೀಳಿಸುವುದು ಯೋಗ್ಯ. ಅತ್ತೆಯವರ ಬೀಜವನ್ನು ಕಳೆಯುವುದಕ್ಕಲ್ಲ, ಅದರ ಮೈಯ ರೋಗವನ್ನು ಕಳೆದು ಮರಳಿ ಕೊಡುವುದಕ್ಕೇ ಈ ವಿದ್ಯೆಯಿರುವುದೆಂದು ಅವರಿಗೆ ನಮ್ಮ ಪರವಾಗಿ ತಿಳಿಸಿರಿ.

ಗೂಟ ಹೊಡೆಯುವ ದಿನವು ಬಂದಾಗ ಇಪ್ಪತ್ತರಲ್ಲಿ ಎಷ್ಟು ಗಿಡಗಳು ನಿರ್ಮಲವಾಗಿದ್ದುವೆಂದು ನಮಗೊಂದು ಕಾಗದವನ್ನು ಬರೆಯುವ ಕೃಪೆಮಾಡಬೇಕು. ಬೇರೆ ವಾಚಕರೂ ತಮ್ಮ ಹಿತ್ತಿಲಿನ ಲೆಕ್ಕವನ್ನು ಕಳುಹಿಸಿದರೆ ಸಂತೋಷವೇ ಸರಿ. ಮುಂದಿನ ತಿಂಗಳು ಕೆಸುವಿನ ಬೇಸಾಯವನ್ನು ಕುರಿತು ಬರೆಯುವೆವು.